ಬೇಲಿಯಾಚೆಯ ತಿರುವು

ಸಸಿಗಳ ನರ್ಸರಿಯ ಕೆಲಸ ಮುಗಿಸಿ ಬಂದು ಗೇಟು ತೆರೆದ ಸೊಸೆ ಅಲ್ಲೇ ನಿಂತುಬಿಟ್ಟಳು. ಮುಂದಿನ ಸೈಪ್ರೆಸ್ ಬೇಲಿಯ ನಡುವೆ ಬಾಗಿಲಗಲದ ಕಂದು ಗಾಯ. ಅದರಾಚೆ, ರಸ್ತೆಯ ತಿರುವು! ಅವಳ ಗಂಡನ ಮೋಟರ್‌ಸೈಕಲ್ಲು ಲಾರಿಯಡಿ ಸಿಕ್ಕಿದ್ದು ಅಲ್ಲಿಯೇ. ಅತ್ತೆಯ ಕಿಟಕಿಗೆ ಆ ಜಾಗ ಕಾಣಬಾರದೆಂದೇ ಅವಳು ಈ ಬೇಲಿ ಬೆಳೆಸಿದ್ದಳು.

"ನೋಡಿ ಅತ್ತಿಗೆ, ಅಮ್ಮ ಬರೋಷ್ಟರಲ್ಲಿ ಬೇಲಿಗೆ ಕ್ಷೌರ ಮುಗಿಸ್ಬಿಟ್ಟೆ!" ಮೈದುನ ಕತ್ತರಿ ಹಿಡಿದು ಬೀಗುತ್ತಿದ್ದ.

"ಕ್ಷೌರ ಅಲ್ಲ ಪುಣ್ಯಾತ್ಮ, ಚರ್ಮಾನೇ ಸುಲಿದಿದ್ದೀಯ!"

"ಹಿತ್ತಲ ಬೇಲೀನೂ ಹೀಗೇ ಬೋಳಿಸಿದ್ನಲ್ಲ? ಚಿಗುರ್ತಲ್ಲ?"

"ಅದು ಯೂ ಗಿಡ. ಎಲೆ ಚಪ್ಪಟೆ ಸೂಜಿ ಥರ. ಹಳೇ ಕೊಂಬೆಯಿಂದಲೂ ಚಿಗುರುತ್ತೆ. ಇದರ ಎಲೆ ನೋಡು, ಮೀನಿನ ಹುರುಪೆ ಥರ. ಹಸಿರು ದಾಟಿ ಕಂದು ಕೊಂಬೆಗೆ ಕತ್ತರಿ ಬಿತ್ತೋ, ಅಲ್ಲಿ ಮತ್ತೆ ಎಲೆ ಬರಲ್ಲ."

ಅವನು ಕತ್ತರಿ ಕೆಳಗಿಟ್ಟ. "ಅಮ್ಮಂಗೆ ಕಾಣುತ್ತಾ?"

"ಪೊರೆ ತೆಗೆಸ್ಕೊಂಡು ಬರ್ತಿರೋ ಕಣ್ಣು. ಕಾಣದೆ ಇರುತ್ತಾ? ಹೋಗು, ಆಸ್ಪತ್ರೆಯಿಂದ ನಿಧಾನವಾಗಿ ಕರ್ಕೊಂಡು ಬಾ."

ಕಾರು ಹೊರಟಿತು. ಅವಳು ಉಗುರಿನಿಂದ ತೊಗಟೆ ಕೆರೆದಳು. ಒಳಗೆ ಹಸಿಯಿತ್ತು, ಮೊಗ್ಗಿರಲಿಲ್ಲ. ಉಳಿದದ್ದು ಒಂದೇ ದಾರಿ: ಅಕ್ಕಪಕ್ಕದ ಹಸಿರು ಕೊಂಬೆಗಳನ್ನು ಬಗ್ಗಿಸಿ ಗಾಯದ ಮೇಲೆ ಎಳೆದು ಕಟ್ಟುವುದು. ಬುಡಕ್ಕೆ ನೀರು ಬಿಟ್ಟಳು, ಎಲೆಗೊಬ್ಬರ ಹರಡಿದಳು. ಬೇಲಿಯ ಹೊರಗೆ ರಸ್ತೆಗೆ ಬೆನ್ನು ಹಾಕಿ ನಿಂತು, ಬಿದಿರುಕಡ್ಡಿಗಳನ್ನು ಅಡ್ಡಕ್ಕೆ ಬಿಗಿದು ಒಂದೊಂದೇ ಕೊಂಬೆ ಕಟ್ಟತೊಡಗಿದಳು. ಒಂದು ಕೊಂಬೆ ಲಟಕ್ಕನೆ ಮುರಿಯಿತು. ಹೊತ್ತು ಇಳಿಯುತ್ತಿತ್ತು.

ತಟ್ಟೆಯಗಲದ ಸಂದು ಉಳಿದಿರುವಾಗಲೇ ಕಾರು ಬಂದು ನಿಂತಿತು. ಕೊನೆಯ ಕೊಂಬೆಗೆ ಅವಳು ಗಂಟು ಹಾಕುತ್ತಿರುವಾಗಲೇ ಮನೆಯೊಳಗಿಂದ ಅತ್ತೆಯ ಕೋಣೆಯ ಕಿಟಕಿ ತೆರೆದುಕೊಂಡಿತು. ಕಪ್ಪು ಕನ್ನಡಕದ ಅತ್ತೆ, ಪಕ್ಕದಲ್ಲಿ ತಲೆ ತಗ್ಗಿಸಿದ ಮೈದುನ.

"ಅದೇ ತಿರುವಲ್ವಾ?" ಅತ್ತೆ ಸಂದಿನಾಚೆ ಕೈ ತೋರಿಸಿದರು. ಮರುಕ್ಷಣ ಮಗನತ್ತ ತಿರುಗಿದರು. "ನೀನು ಫ್ಯಾಕ್ಟರಿಗೆ ಹೋಗೋದೂ ಅದೇ ದಾರೀಲೇ ತಾನೆ?"

"ಇಲ್ಲಮ್ಮ, ಬಳಸಿಕೊಂಡು..."

"ಅಷ್ಟು ತಡವಾಗಿ ಎದ್ದು, ಬಳಸಿಕೊಂಡು ಹೋಗ್ತೀಯಾ? ಪೊರೆ ಬಂದಿದ್ದು ಕಣ್ಣಿಗೆ ಕಣೋ, ಬುದ್ಧಿಗಲ್ಲ."

ಅವರು ಸೊಸೆಯತ್ತ ತಿರುಗಿದರು.

"ಆ ಸಂದು ಮುಚ್ಚಬೇಡಮ್ಮ," ಎಂದರು ಅತ್ತೆ. "ಇವನು ಅಲ್ಲಿ ದಾಟಿದ್ದು ಕಣ್ಣಾರೆ ನೋಡದೆ ಇನ್ಮೇಲೆ ನನ್ನ ಗಂಟಲಲ್ಲಿ ಕಾಫಿ ಇಳಿಯಲ್ಲ."

"ಆದ್ರೆ ಅತ್ತೆ..."

"ಗೊತ್ತು. ನಿನ್ನ ಕೈಲಿ ನೋಡೋಕಾಗಲ್ಲ."

ಬೇಲಿ ಬೆಳೆಸಿದ್ದು ಅತ್ತೆಗಾಗಿ ಎಂದು ಅವಳು ಈವರೆಗೆ ತನಗೆ ತಾನೇ ಹೇಳಿಕೊಂಡಿದ್ದಳು. ಅರ್ಧ ಹಾಕಿದ್ದ ಗಂಟು ಬಿಚ್ಚಿದಳು. ಕೊಂಬೆ ಪಕ್ಕಕ್ಕೆ ಸರಿಯಿತು.

ಬೆನ್ನ ಹಿಂದೆ ಯಾವುದೋ ಮೋಟರ್‌ಸೈಕಲ್ಲು ವೇಗ ತಗ್ಗಿಸದೆ ತಿರುವಿನತ್ತ ಬರುವ ಸದ್ದು. ಅವಳು ತಿರುಗಲಿಲ್ಲ. ಅತ್ತೆಯ ಮುಖವನ್ನೇ ದಿಟ್ಟಿಸುತ್ತ, ಸದ್ದು ದಾಟಿ ಹೋಗುವವರೆಗೂ ಉಸಿರು ಬಿಗಿಹಿಡಿದು ನಿಂತಳು.