ಜೇಡಿಯೆಂದು ಬರೆಸಿಕೊಂಡ ಮೆಕ್ಕಲು

ನಾನು ಹೊಳೆದಂಡೆಯ ಮೆಕ್ಕಲು ಮಣ್ಣು. ಯಾವುದೋ ಮಹಾಪೂರ ನನ್ನನ್ನು ಹೊತ್ತು ತಂದು ಇಲ್ಲಿ ಇಳಿಸಿತು. ಪಕ್ಕದಲ್ಲೇ ನನ್ನ ಅಕ್ಕ ಜೇಡಿ ಮಣ್ಣು ಮಲಗಿದ್ದಳು. ಇಬ್ಬರ ಬಣ್ಣವೂ ಕಪ್ಪು, ಇಬ್ಬರೂ ನುಣುಪು. ಆದರೆ ಭಗವಂತ ಅವಳಿಗೆ ಕೊಟ್ಟ ಅಂಟನ್ನು ನನಗೆ ಕೊಡಲಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರವಾದಾಗ ಕುಂಬಾರರ ನೀಲವ್ವ ಬರುವಳು. ಹಸಿಮಣ್ಣನ್ನು ಅಂಗೈಯಲ್ಲಿ ಹೊಸೆದು ಎಳೆ ತೆಗೆಯುವಳು. ಅಕ್ಕ ದಾರದಂತೆ ಉದ್ದವಾಗುವಳು. ನಾನು ಉದುರಿ ಹೋಗುವೆ.

"ಇದು ಬ್ಯಾಡ, ಕೈಯಾಗ ನಿಲ್ಲೂದಿಲ್ಲ" ಎಂದು ನೀಲವ್ವ ನನ್ನನ್ನು ಕೊಡವಿಬಿಡುವಳು.

ಅಕ್ಕ ಎತ್ತಾಗಿ ಮನೆಮನೆಯಲ್ಲಿ ಪೂಜೆಗೊಳ್ಳುವಾಗ ನಾನು ಹೊಟ್ಟೆಕಿಚ್ಚಿನಲ್ಲಿ ಬೇಯುತ್ತಿದ್ದೆ.

ಒಂದು ವರ್ಷ ನನ್ನ ಮೇಲೆ ಅಂಗನವಾಡಿ ಕಟ್ಟುವುದೆಂದಾಯಿತು. ಗುತ್ತಿಗೆದಾರ ಶಿವಯೋಗಪ್ಪ ಪರೀಕ್ಷೆಗೆಂದು ಎರಡು ಕಡೆ ಅಗೆಸಿ, ನನ್ನನ್ನೂ ಅಕ್ಕನನ್ನೂ ಒಂದೇ ಚೀಲಕ್ಕೆ ತುಂಬಿಸಿದ.

"ಯಣ್ಣಾ, ಅವು ಬ್ಯಾರೆ ಬ್ಯಾರೆ ಮಣ್ಣು. ನನ್ನ ಮಗಳು ಕಲ್ಲವ್ವ ಇಲ್ಲೇ ಟೀಚರ್ ಆಗಾಕಿ. ಸರಿಯಾಗಿ ನೋಡಸ್ರಿ" ಎಂದಳು ನೀಲವ್ವ.

"ಎರಡೂ ಕರಿ, ಎರಡೂ ಸಣ್ಣ. ನಾವೇನ ಗಡಿಗಿ ಮಾಡಾಕ ಹೊಂಟೀವೇನಬೇ?"

ಆಳುಗಳೆಲ್ಲ ನಕ್ಕರು. ನಾನೂ ಒಳಗೊಳಗೇ ಹಿಗ್ಗಿದೆ.

ಪರೀಕ್ಷೆಯ ಮನೆಯಲ್ಲಿ ಗಾಜಿನ ಮೇಲೆ ನಮ್ಮನ್ನು ಹೊಸೆದರು. ಅಕ್ಕನ ಅಂಟಿನಿಂದ ಎಳೆ ನಿಂತಿತು. 'ಜೇಡಿ. ನೆಲ ನಡುಗಿದರೂ ನೀರಾಗುವುದಿಲ್ಲ' ಎಂದು ಬರೆದರು. ಕಡೆಗೂ ಅಕ್ಕನ ಹೆಸರು ನನ್ನದಾಯಿತು!

ನನ್ನ ಮೇಲೆ ಅಂಗನವಾಡಿ ಎದ್ದಿತು, ಕಲ್ಲವ್ವ ಅಲ್ಲಿ ಟೀಚರ್ ಆದಳು. ಅದು ಎದ್ದ ನಾಲ್ಕನೆಯ ಶ್ರಾವಣದಲ್ಲಿ ನಾನು ನೀರು ಕುಡಿದು ತುಂಬಿದ್ದೆ. ನಡುಹಗಲು ಭೂಮಿ ಅದುರಿತು. ಒಂದೊಂದು ಅದುರಿಗೂ ನನ್ನೊಳಗಿನ ನೀರು ಹೊರದಾರಿ ಕಾಣದೆ ಒತ್ತಿತು, ಕಣವನ್ನು ಕಣದಿಂದ ಬಿಡಿಸಿತು. ಹಿಡಿದುಕೊಳ್ಳಲು ನನ್ನಲ್ಲಿ ಅಂಟಿರಲಿಲ್ಲ. ನಾನು ಗಂಜಿಯಾದೆ. ಕಟ್ಟಡ ಒಂದು ಕಡೆಗೆ ಕುಸಿಯಿತು. ಕಲ್ಲವ್ವ ಹನ್ನೊಂದು ಮಕ್ಕಳನ್ನೂ ಹೊರಗೆ ತಳ್ಳಿದಳು. ತಾನು ಹೊರಬರಲಿಲ್ಲ.

ಅಕ್ಕನೂ ನಡುಗಿದ್ದಳು, ತುಸು ಮೆತ್ತಗೂ ಆಗಿದ್ದಳು. ಅವಳ ಮೇಲಿನ ಕುಂಬಾರ ಓಣಿಯ ಗೋಡೆಗಳು ಬಿರುಕುಬಿಟ್ಟವು, ಬೀಳಲಿಲ್ಲ.

ಬಳಿಕ ನನ್ನೊಬ್ಬಳನ್ನೇ ಒಯ್ದು ಪರೀಕ್ಷಿಸಿ, ನನ್ನ ನಿಜವಾದ ಹೆಸರು ಬರೆದರು. ಈಗ ನನ್ನ ಮೇಲೆ ಯಾರೂ ಏನೂ ಕಟ್ಟುವುದಿಲ್ಲ. ಸೋಮವಾರ ನೀಲವ್ವ ಬಂದು ಒಂದು ಹೂವಿಟ್ಟು, ಶಿವನಾಮ ಹೇಳುತ್ತ ಕೂರುತ್ತಾಳೆ. ನನ್ನನ್ನು ಬೈಯುವುದಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆನೋ ಏನೋ.

ಮತ್ಸರ ಇನ್ನೂ ಹೋಗಿಲ್ಲ, ದೇವರೇ. ಆದರೆ ಅಕ್ಕನ ಪೂಜೆಯ ಮೇಲಲ್ಲ. ಆ ಹಗಲು ಅವಳ ಮೇಲೆ ನಿಂತಿದ್ದವರೆಲ್ಲ ಸಂಜೆ ತಮ್ಮ ಮನೆಯಲ್ಲಿ ದೀಪ ಹಚ್ಚಿದರು.