ಗೊಣಗುವ ಪಂಪು

ಬೋಲ್ಟು ಎಂದರೆ ಆ ಬೀದಿಯಲ್ಲಿ ಗ್ಯಾರೇಜ್ ನಡೆಸುವ ಹೆಂಗಸು. ಆ ಹೆಸರಿಟ್ಟವನು ಅವಳಪ್ಪ. ಚಿಕ್ಕಂದಿನಲ್ಲಿ ಅವಳ ಜೇಬು ತಡಕಿದರೆ ಒಂದಾದರೂ ಬೋಲ್ಟು ಸಿಗುತ್ತಿತ್ತಂತೆ. ಈಗ ತಲೆ ಅಲ್ಲಲ್ಲಿ ನರೆತಿದೆ, ಹೆಸರು ಮಾತ್ರ ಹಾಗೇ ಅಂಟಿಕೊಂಡಿದೆ. ಕೆಲಸದಲ್ಲಿ ಗಟ್ಟಿಗಿತ್ತಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಟ್ಟಿಗರು ಎಡವಟ್ಟು ಮಾಡಿದರೆ ಅದೂ ಗಟ್ಟಿಯಾಗಿಯೇ ಇರುತ್ತದೆ.

ಅಪ್ಪ ಬ್ರೆಡ್ಡು ಹಂಚುವ ವ್ಯಾನು ಓಡಿಸುತ್ತಿದ್ದ. ಬೇಕರಿ ಮುಚ್ಚಿದಾಗ ವ್ಯಾನನ್ನು ಬಿಡಲಾರದೆ ಮನೆಗೇ ತಂದ. ಅವನು ತೀರಿಕೊಂಡ ಮೇಲೆ ಅದು ಗ್ಯಾರೇಜಿನ ಹಿಂದಿನ ಶೆಡ್ಡಿನಲ್ಲಿ ಧೂಳು ತಿನ್ನುತ್ತ ನಿಂತಿತು. ಅಮ್ಮನೂ ಅಡುಗೆಮನೆಯಲ್ಲಿ ಹಾಗೇ ನಿಂತುಬಿಟ್ಟಳು. ಹೊಸ್ತಿಲು ದಾಟಿದವಳೇ ಅಲ್ಲ. ಗ್ಯಾರೇಜಿಗೆ ಬಾ ಎಂದರೆ ಮಂಡಿನೋವು, ಪಾರ್ಕಿಗೆ ಬಾ ಎಂದರೆ ಬಿಸಿಲು. ಒಂದು ದಿನ ಮಗಳ ಕಾಟ ತಡೆಯಲಾರದೆ, "ನಿಮ್ಮಪ್ಪನ ಗಾಡಿ ಬಂದು ಕರೀಲಿ, ಆಗ ಬರ್ತೀನಿ" ಅಂದುಬಿಟ್ಟಳು. ಮಾತು ತೇಲಿಸುವುದಕ್ಕೆ ಆಡಿದ ಮಾತು. ಬೋಲ್ಟು ಅದನ್ನೇ ಹಲ್ಲುಕಚ್ಚಿ ಹಿಡಿದುಕೊಂಡಳು. ಗಾಡಿ ಎದ್ದೀತು, ಅಮ್ಮನೂ ಎದ್ದಾಳು ಎಂಬುದೊಂದೇ ಆಸೆ.

ಶೆಡ್ಡಿನಲ್ಲಿ ವ್ಯಾನಿನ ಬಾಗಿಲು ತೆಗೆದದ್ದೇ ತಡ, ಹಳೇ ಬ್ರೆಡ್ಡಿನ ವಾಸನೆ ಮೂಗಿಗೆ ಬಡಿಯಿತು. ಅಷ್ಟು ವರ್ಷವಾದರೂ ಹೋಗಿರಲಿಲ್ಲ, ನೋಡಿ! ಸೀಟಿನ ಸಂದಿಯಲ್ಲಿ ಕಲ್ಲಾದ ಬನ್ನಿನ ಚೂರು. ಅವಳು ಅಲ್ಲೇ ಕೂತಳು. ಚಿಕ್ಕಂದಿನಲ್ಲಿ ಸಂಜೆ ಈ ಗಾಡಿ ಬೀದಿಯ ತಿರುವಿಗೆ ಬಂದರೆ ಸಾಕು, ಆಡುತ್ತಿದ್ದವಳು ಎಲ್ಲ ಬಿಟ್ಟು ಓಡುತ್ತಿದ್ದಳು. ಅಪ್ಪ ಕಿಟಕಿಯಿಂದ ಬನ್ನು ಕೊಡುತ್ತಿದ್ದ, ಪಕ್ಕದಲ್ಲಿ ಕೂರಿಸಿಕೊಂಡು ಮನೆಯ ಗೇಟಿನವರೆಗೆ ಗತ್ತಿನಿಂದ ಓಡಿಸುತ್ತಿದ್ದ. ಅಷ್ಟರಲ್ಲಿ ಅಮ್ಮ ತಲೆ ನೇವರಿಸಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು. ಹಿತ್ತಲ ಕಡೆಯ ಅಡುಗೆಮನೆಯಲ್ಲಿದ್ದವಳಿಗೆ ಗಾಡಿ ಬಂದದ್ದು ಗೊತ್ತಾಗುವುದು ಹೇಗೆ ಎಂದು ಬನ್ನು ತಿನ್ನುವ ಹುಡುಗಿ ಯಾಕೆ ಯೋಚಿಸುತ್ತಾಳೆ?

ಎಂಜಿನ್ನು ಮೂರು ವಾರ ಸತಾಯಿಸಿ ಕೊನೆಗೆ ಎದ್ದಿತು. ಜೊತೆಗೇ 'ಕುಂಯ್' ಎಂಬ ರಾಗವೂ ಎದ್ದಿತು. ಅದು ಗಾಳಿ ಪಂಪಿನದು. ಎಂಜಿನ್ನಿನ ಪಕ್ಕದಲ್ಲಿ ಬೆಲ್ಟಿನಿಂದ ತಿರುಗುತ್ತ, ಹೊಗೆ ಹೋಗುವ ದಾರಿಗೆ ಹೊಸ ಗಾಳಿ ಊದಿ, ಅರೆಬೆಂದ ಹೊಗೆಯನ್ನು ಅಲ್ಲೇ ಸುಟ್ಟುಬಿಡುವುದು ಅದರ ಕೆಲಸ. ಅಪ್ಪ ಅದನ್ನು ಅತ್ತೆ ಎಂದೇ ಕರೆಯುತ್ತಿದ್ದ. ಬಿಟ್ಟೂಬಿಡದೆ ಗೊಣಗುತ್ತದೆ, ಆದರೆ ಗೊಣಗುತ್ತಲೇ ಮನೆ ಚೊಕ್ಕಟ ಮಾಡುತ್ತದೆ ಎಂದು ಅವನ ವಿವರಣೆ. "ನಿಮ್ಮಮ್ಮ ಶುರು ಹಚ್ಕೊಂಡ್ಲು" ಎಂದು ಅವನು ಅಮ್ಮನನ್ನು ರೇಗಿಸುವುದು, ಅವಳು ಮೂಗು ಮುರಿಯುವುದು ನಡೆದೇ ಇತ್ತು.

ಇದರಿಂದ ಉರಿದುಹೋಗಿದ್ದವನು ಬೋಲ್ಟುವಿನ ಸೋದರಮಾವ. ಅಮ್ಮನ ತಮ್ಮ, ವೃತ್ತಿಯಲ್ಲಿ ದರ್ಜಿ. ಹೆತ್ತ ತಾಯಿಯ ಹೆಸರನ್ನು ಒಂದು ಪಂಪಿಗೆ ಇಟ್ಟರೆ ಯಾವ ಮಗ ಸುಮ್ಮನಿರುತ್ತಾನೆ? ಭಾವ ಹೋದರೂ ಆ ಸಿಟ್ಟು ಹೋಗಿರಲಿಲ್ಲ. ಗ್ಯಾರೇಜಿಗೆ ಬಂದು, ಟೈರಿನ ಮೇಲೆ ಕೂತು, ಮೊದಲು ಆ ದರಿದ್ರವನ್ನು ಕಿತ್ತು ಬಿಸಾಕು ಎಂದು ದಿನವೂ ತಲೆ ತಿಂದ. ಹೊಗೆ ಜಾಸ್ತಿಯಾಗುತ್ತೆ ಎಂದು ಅವಳು ಒಂದೆರಡು ಸಲ ಹೇಳಿ ನೋಡಿದಳು. ಆದರೆ ಮೆಕ್ಯಾನಿಕ್ಕರ ಕಿವಿಗೆ ಸದ್ದು ಎಂದರೆ ರೋಗ. ದಿನವಿಡೀ ಆ ಕುಂಯ್‌ಗುಟ್ಟುವಿಕೆ ಕೇಳಿ ಅವಳಿಗೂ ಹಲ್ಲು ಜುಮ್ಮೆನ್ನುತ್ತಿತ್ತು. ಅಪ್ಪನ ಗಾಡಿ ಎಂದರೆ ಅವಳ ಮನಸ್ಸಿನಲ್ಲಿ ಉಳಿದದ್ದು ಎಂಜಿನ್ನಿನ ತುಂಬುದನಿ ಮಾತ್ರ.

ಕಿತ್ತೇಬಿಟ್ಟಳು. ತುಕ್ಕು ಹಿಡಿದ ಬೋಲ್ಟುಗಳಿಗೆ ರಾತ್ರಿಯೇ ಎಣ್ಣೆ ಬಿಟ್ಟಿದ್ದಳು, ಆದರೂ ಒಂದೊಂದೂ ಅಳುತ್ತ ಬಂತು. ಬಿರುಕುಬಿಟ್ಟ ರಬ್ಬರ್ ಪೈಪುಗಳನ್ನು ಎಳೆದು ಹಾಕಿದಳು, ತೂತುಗಳನ್ನು ಮುಚ್ಚಿದಳು, ಗಿಡ್ಡನೆಯ ಬೆಲ್ಟು ತೊಡಿಸಿದಳು. ಗಾಡಿ ಬೆಣ್ಣೆಯ ಹಾಗೆ ಓಡಿತು. ಗುಜರಿಗೆ ನಾನೇ ಹಾಕುತ್ತೇನೆ ಎಂದು ಮಾವ ಪಂಪನ್ನು ಕಂಕುಳಲ್ಲಿ ಇರುಕಿಕೊಂಡು, ಗೆದ್ದವನ ಹಾಗೆ ನಡೆದ.

ಸಂಜೆ ಬೋಲ್ಟು ಒಬ್ಬಳೇ ಹೊರಟಳು. ತಿರುವಿನಲ್ಲಿ ಅಪ್ಪನ ಹಾಗೆಯೇ ನಿಧಾನಿಸಿದಳು. ಗೇಟಿನ ಮುಂದೆ ನಿಂತು, ಎಂಜಿನ್ನು ಆರಿಸದೆ ಕಾದಳು. ಬಾಗಿಲಲ್ಲಿ ಯಾರೂ ಬರಲಿಲ್ಲ. ಇನ್ನಷ್ಟು ಕಾದು, ಸಿಟ್ಟೋ ಅಳುವೋ ತಿಳಿಯದೆ ಒಳಗೆ ನುಗ್ಗಿದಳು. ಅಮ್ಮ ಒಲೆಯ ಮುಂದೆ ಸೌಟು ತಿರುಗಿಸುತ್ತಿದ್ದಳು. ಅಪ್ಪನ ಗಾಡಿ ಬಂದು ಕರೆಯುತ್ತಿದೆ, ನಿನಗೆ ಕೇಳಿಸಲಿಲ್ಲವೇ ಎಂದು ಇವಳು ಕೇಳಿದಳು.

ಅಮ್ಮ ಕಿವಿಗೊಟ್ಟು ಆಲಿಸಿದಳು. ಮುಖ ಒಂದು ಕ್ಷಣ ಅರಳಿ ಮತ್ತೆ ಬಾಡಿತು.

"ನಮ್ಮಮ್ಮ ಎಲ್ಲಿ?" ಅಂದಳು.

ಬೋಲ್ಟುವಿಗೆ ಜೀವವೇ ಹಾರಿಹೋಯಿತು. ಅಜ್ಜಿ ತೀರಿಕೊಂಡು ಯಾವ ಕಾಲವಾಯಿತು! ಅಮ್ಮನ ಬುದ್ಧಿಗೆ ಏನಾಯಿತು?

ಅಮ್ಮನೇ ಮಾತು ಮುಂದುವರಿಸಿದಳು. "ಗುಡುಗುಡು ಅಂತ ಎಲ್ಲಾ ಗಾಡೀನೂ ಬರುತ್ತೆ ಕಣೇ. ಗೊಣಗ್ತಾ ಬರ್ತಿದ್ದಿದ್ದು ಅವರ ಗಾಡಿ ಒಂದೇ."

ಅಯ್ಯೋ, ನನ್ನ ಕೈಯಾರೆ ಕಿತ್ತೆನಲ್ಲ ಎಂದು ಬೋಲ್ಟು ಹಣೆ ಚಚ್ಚಿಕೊಂಡಳು. ತನ್ನನ್ನು ಆಟದಿಂದ ಎಬ್ಬಿಸಿ ಓಡಿಸುತ್ತಿದ್ದದ್ದೂ ಅದೇ ದನಿ ಎಂಬುದು ಆಗ ಹೊಳೆಯಿತು. ರೋಗವೆಂದು ಕಿತ್ತದ್ದು ಗಾಡಿಯ ಗಂಟಲನ್ನೇ. ಗುಜರಿಯವನು ಇಷ್ಟರಲ್ಲಿ ಅದನ್ನು ಒಡೆದು ಹಾಕಿರುತ್ತಾನೆ ಎಂದುಕೊಂಡು, ಮಾವನ ಅಂಗಡಿಗೆ ಬಿದ್ದಂಬೀಳ ಓಡಿದಳು.

ಅಂಗಡಿಯ ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಮಖಮಲ್ಲಿನ ತುಂಡಿನ ಮೇಲೆ, ಪಂಪು ಫಳಫಳ ಹೊಳೆಯುತ್ತ ಕೂತಿತ್ತು. ಮಾವನ ಕೈಯಲ್ಲಿ ಹೊಲಿಗೆ ಮಿಷಿನ್ನಿನ ಎಣ್ಣೆಯ ಬುಡ್ಡಿ.

"ಎಣ್ಣೆ ಬಿಟ್ಯಾ ಮಾವ? ದನಿ ಹೋಗಿಬಿಡುತ್ತೆ!"

"ಇನ್ನೂ ಇಲ್ಲ" ಎಂದು ಅವನು ಬುಡ್ಡಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಗುಜರಿಯವನು ತಕ್ಕಡಿಗೆ ಹಾಕಿದನಂತೆ, ಇವನು ಕಸಿದುಕೊಂಡು ಬಂದನಂತೆ. "ಎಷ್ಟೇ ಆದ್ರೂ ಅಮ್ಮ ಅಂತ ಕರೆದಿದ್ದೀವಲ್ಲೇ, ತೂಕಕ್ಕೆ ಹಾಕೋಕೆ ಮನಸ್ಸು ಬರಲಿಲ್ಲ." ಹೇಳುತ್ತಲೇ ಕಣ್ಣೊರೆಸಿಕೊಂಡ. ಬೋಲ್ಟು ನಕ್ಕಳು, ನಗುತ್ತಲೇ ಅತ್ತಳು.

ಮರುದಿನ ಎಲ್ಲವನ್ನೂ ಮತ್ತೆ ಜೋಡಿಸಿದಳು. ಹೊಸ ಪೈಪು, ಉದ್ದನೆಯ ಬೆಲ್ಟು. ಗೊಣಗಾಟಕ್ಕೆ ಕಾರಣವಾದ, ಪಂಪಿನ ಸವೆದ ಬೇರಿಂಗನ್ನು ಬದಲಿಸಲು ಕೈ ತುರಿಸುತ್ತಿತ್ತು. ಕೈಯನ್ನು ಜೇಬಿಗಿಳಿಸಿ ಸುಮ್ಮನಾದಳು. ಗಾಡಿ ಓಡಿಸಲು ಮಾವನನ್ನು ಕೂರಿಸಿ, ತಾನು ಅಡುಗೆಮನೆಗೆ ಹೋಗಿ ಅಮ್ಮನ ಪಕ್ಕದಲ್ಲಿ ನಿಂತಳು. ಅಷ್ಟು ವರ್ಷ ಗೇಟಿನ ಕಡೆ ಓಡಿದವಳು ಈ ಕಡೆಯಿಂದ ನೋಡಿದ್ದು ಅದೇ ಮೊದಲು.

ದೂರದ ತಿರುವಿನಲ್ಲಿ, ಎಂಜಿನ್ನಿಗಿಂತ ಮೊದಲು, ಅದು ಕೇಳಿಸಿತು. ಕುಂಯ್.

ಅಮ್ಮ ಒಲೆ ಸಣ್ಣ ಮಾಡಿದಳು. ಕೈ ಒರೆಸಿಕೊಂಡಳು. ಎರಡೂ ಅಂಗೈಯಿಂದ ತಲೆ ನೇವರಿಸಿಕೊಂಡಳು. "ಬಂದೆ ಇರಮ್ಮಾ, ಏನವಸರ ನಿಂಗೆ" ಎಂದು ಬಾಯಲ್ಲೇ ಗದರುತ್ತ ನಡುಮನೆ ದಾಟಿದಳು, ಮಂಡಿನೋವಿನ ಸುಳಿವೇ ಇಲ್ಲ. ಬೋಲ್ಟು ಅವಳ ಮುಖ ನೋಡಿದಳು. ದಿನಾ ಸಂಜೆ ಅಪ್ಪ ನೋಡುತ್ತಿದ್ದ ಮುಖ ಅದು.

ಅಮ್ಮ ಹೊಸ್ತಿಲು ದಾಟಿ, ಮೆಟ್ಟಿಲಿಳಿದು, ಗೇಟಿನ ಹತ್ತಿರ ಗಕ್ಕನೆ ನಿಂತಳು. ಸ್ಟಿಯರಿಂಗ್ ಹಿಡಿದು ಕೂತಿದ್ದವನು ತಮ್ಮ.

"ಅವರಿಲ್ಲ ಅಂತ ನಂಗೊತ್ತು" ಎಂದಳು ಮಗಳ ಕಡೆ ತಿರುಗದೆ. "ಕಾಲು ಕೇಳಬೇಕಲ್ಲ."

ಅಕ್ಕನ ಕಣ್ಣೀರು ಕಂಡು ಗಾಬರಿಯಾದ ಮಾವ ಎಂಜಿನ್ನು ಆರಿಸಲು ಕೀಲಿಗೆ ಕೈ ಹಾಕಿದ. ಅಮ್ಮ ಬಾಗಿಲು ತೆಗೆದು ಅವನ ಪಕ್ಕದಲ್ಲಿ ಹತ್ತಿ ಕೂತಳು.

"ಆರಿಸ್ಬೇಡ ಕಣೋ" ಅಂದಳು. "ಇನ್ನೊಂಚೂರು ಹೊತ್ತು ಗೊಣಗಲಿ."