ಅರವತ್ನಾಲ್ಕನೆಯ ನಿಮಿಷ

ಚಳಿ ಕಳೆದು ಬಿಸಿಲು ಬಲಿಯುತ್ತಿತ್ತು. ಬೆಳಗ್ಗೆಯೇ ಎಲ್ಲರೂ ಗುದ್ದಲಿ ಹಿಡಿದು ಹೊಲದಲ್ಲಿದ್ದರು. ಒಂದೇ ಬಾವಿ, ಮೂರು ಪಾಲು. ಏಳರಿಂದ ಏಳೂವರೆ ಅತ್ತಿಗೆಯದು, ಎಂಟರವರೆಗೆ ಬಡಗಿಯದು, ಆಮೇಲೆ ಅರ್ಧ ಗಂಟೆ ರೇಡಿಯೋ ರಿಪೇರಿ ಮಾಡುವ ಮೈದುನನದು. ಎಂಟೂವರೆಗೆ ಬಾವಿ ಬರಿದು. ಕೈಗಡಿಯಾರಗಳು ಒಂದಕ್ಕೊಂದು ಕೂಡದೆ ದಿನಾ ಜಗಳವಾಗುತ್ತಿತ್ತೆಂದು ಮೈದುನನೇ ತನ್ನ ಹಳೆಯ ಕಂಪ್ಯೂಟರನ್ನು ಪಂಪಿನ ಕೋಣೆಗೆ ತಂದು, ಟೀವಿಗೆ ಜೋಡಿಸಿ, ಗಡಿಯಾರದ ಚಿಪ್ ಒಂದನ್ನು ಅದಕ್ಕೆ ಬೆಸುಗೆ ಹಾಕಿದ್ದ. ನಿಮಿಷ ಮೂವತ್ತು ಮುಟ್ಟಿದಾಗ, ಮತ್ತೆ ಸೊನ್ನೆಯಾದಾಗ ಅದು ಕೀಂ ಎನ್ನುತ್ತಿತ್ತು. ಕೀಂ ಎಂದರೆ ನೀರು ತಿರುಗಿಸಬೇಕು.

ಮೂರನೆಯ ದಿನ ಕೀಂ ಎಂದಿತು. ಬಡಗಿ ಮಣ್ಣು ಎಳೆದು ನೀರನ್ನು ತನ್ನ ಕಡೆ ತಿರುಗಿಸಿಕೊಂಡ. ಅತ್ತಿಗೆ ಕೆಸರುಗಾಲಲ್ಲೇ ಪಂಪಿನ ಕೋಣೆಗೆ ಬಂದಳು.

"ಇವತ್ತೂ ಕೊನೇ ನಾಲ್ಕು ಸಾಲಿಗೆ ನೀರು ಮುಟ್ಟಿಲ್ಲ. ಮೆಣಸಿನ ಸಸಿ ಎಲ್ಲ ತಲೆ ಬಗ್ಗಿಸಿವೆ. ನನ್ನ ವಾಚ್ ನೋಡು, ಈಗಿನ್ನೂ ಏಳು ಇಪ್ಪತ್ಮೂರು!"

ಪರದೆಯ ಮೇಲೆ 7:35 ಇತ್ತು.

"ಅತ್ತಿಗೆ, ಆ ವಾಚು ನಿಮ್ಮ ಮದುವೇದು. ಇದು ಒಂದು ಸೆಕೆಂಡೂ ತಪ್ಪಲ್ಲ."

"ಮದುವೇದಾದ್ರೂ ನಿಮ್ಮಣ್ಣನಿಗಿಂತ ಸರಿಯಾಗಿ ನಡೀತಿದೆ."

ಮೈದುನ ಬ್ಯಾಟರಿಯ ತಂತಿ ಬಿಗಿಮಾಡಿದ. ಪ್ಲಗ್ ಉಜ್ಜಿದ. ಬೆಸುಗೆಗೆ ಮತ್ತೆ ಕಾವು ಕೊಡಲು ಹೋಗಿ ಬೆರಳು ಸುಟ್ಟುಕೊಂಡ. ಅಷ್ಟರಲ್ಲಿ ವಾಚಿನಲ್ಲಿ ಏಳು ಮೂವತ್ತೊಂದು, ಪರದೆಯಲ್ಲಿ 7:49. ಹನ್ನೆರಡು ನಿಮಿಷದ ಅಂತರ ಹದಿನೆಂಟಾಗಿತ್ತು. ಹಾಳಾದ ಗಡಿಯಾರ ಓಡುತ್ತಿದೆ ಎಂದು ಮೇಜಿಗೆ ಗುದ್ದಿದ. ಪರದೆ ಐವತ್ತೇಳರವರೆಗೆ ಒಂದೊಂದೇ ಎಣಿಸಿ ಆಮೇಲೆ ಜಿಗಿಯಿತು: 7:64.

"ಅರವತ್ನಾಲ್ಕು ನಿಮಿಷದ ಗಂಟೆ ಯಾವ ಅಂಗಡೀಲಿ ಸಿಗತ್ತಪ್ಪಾ?" ಎಂದಳು ಅತ್ತಿಗೆ. ವಾಚಿನಲ್ಲಿ ಏಳು ನಲವತ್ತು.

ಮೈದುನ ಬಾಯಲ್ಲೇ ಮಗ್ಗಿ ಹೇಳಿಕೊಂಡ. ಹದಿನಾರು ನಾಲ್ಕಲಿ ಅರವತ್ನಾಲ್ಕು. ಗಡಿಯಾರದ್ದೇನೂ ತಪ್ಪಿರಲಿಲ್ಲ. ಅದು ನಲವತ್ತರ ನಾಲ್ಕನ್ನು ಎಡಗೂಡಿನಲ್ಲಿ, ಸೊನ್ನೆಯನ್ನು ಬಲಗೂಡಿನಲ್ಲಿ ಇಟ್ಟು ಕೊಡುತ್ತಿತ್ತು. ಎಡಗೂಡಿನ ಒಂದೊಂದನ್ನೂ ಹತ್ತೆಂದು ಎಣಿಸಬೇಕಾದಲ್ಲಿ ಅವನು ಬರೆದ ಪ್ರೋಗ್ರಾಂ ಹದಿನಾರೆಂದು ಎಣಿಸಿತ್ತು. ಹಾಗಾಗಿ ಇಪ್ಪತ್ತನೆಯ ನಿಮಿಷಕ್ಕೇ ಮೂವತ್ತು ದಾಟಿ ಮೂವತ್ತೆರಡಾಗಿ, ಕೂಗಿತ್ತು. ಅವನು ಪರೀಕ್ಷೆ ಮಾಡಿದ್ದು ಗಂಟೆಯ ಮೊದಲ ಐದು ನಿಮಿಷ ಮಾತ್ರ. ಒಂಬತ್ತನೆಯ ನಿಮಿಷದವರೆಗೆ ಎಲ್ಲ ಸರಿಯೇ ಕಾಣುತ್ತಿತ್ತು.

ಪ್ರೋಗ್ರಾಮಿನ ಒಂದು ಸಾಲು ತಿದ್ದಿದ. 7:52. ವಾಚೂ ಅದನ್ನೇ ಹೇಳಿತು.

ಹೊರಗೆ ಹೋಗಿ ಬಡಗಿಯನ್ನು ಕೇಳಿದ: "ದಿನಕ್ಕೆ ಹತ್ತು ನಿಮಿಷ ಅತ್ತಿಗೆ ನೀರು ನಿನಗೆ ಹೋಗಿದೆ ಕಣಯ್ಯ. ವಾಪಸ್ ಕೊಡು."

"ಕೂಗಿದ್ದು ನಿನ್ನ ಪೆಟ್ಟಿಗೆ. ಅದನ್ನೇ ಕೇಳು," ಎಂದು ಬಡಗಿ ಗುದ್ದಲಿ ಊರಿಕೊಂಡು ನಿಂತ.

ಎಂಟಕ್ಕೆ ಕೀಂ ಎಂದಿತು. ಮೈದುನನ ಬೀನ್ಸ್ ಪಾತಿ ಬಿರುಕು ಬಿಟ್ಟಿತ್ತು. ಅವನು ಅತ್ತ ನೋಡದೆ ನೀರನ್ನು ಅತ್ತಿಗೆಯ ಸಾಲಿಗೆ ಬಿಟ್ಟ. ಮೂರು ದಿನದ ಹತ್ತು ಹತ್ತು ನಿಮಿಷ, ಅವನ ಇಡೀ ಪಾಳಿ.

ಅತ್ತಿಗೆ ಬದುವಿನ ಮೇಲೆ ಕೂತು ನೋಡುತ್ತಿದ್ದಳು. "ನೀರಿನ ಲೆಕ್ಕ ಚುಕ್ತಾ ಆಯ್ತು," ಎಂದಳು. "ಸಸಿ ತಲೆ ಎತ್ತದಿದ್ರೆ ಅದು ಬೇರೆ ಲೆಕ್ಕ."